ಒಳಲಕೋಟೆ, ಹೊರಲಕೋಟೆ

ಮೇ 21

ಇದನ್ನು ಬರೆಯದೆಯೇ ಬಿಡುವವಳಿದ್ದೆ. ಭಾನುವಾರ ಅಂಚೆ ಮತ ಹಾಕುವಾಗ ಅಮ್ಮ, ಮತದಾರಳು ತಾನೇ ಎಂದು ಸಹಿ ಹಾಕಿದ ಗುರುತಿನ ಹೇಳಿಕೆಯನ್ನು ಮತಪತ್ರದ ಜೊತೆ ಒಳಲಕೋಟೆಗೇ ತುರುಕಿ ಅಂಟಿಸಿದಳು. ಅದು ಹೊರಲಕೋಟೆಯಲ್ಲಿರಬೇಕು. ಒಳಗೆ ಹೋದರೆ ಮತ ಅಸಿಂಧು. ನೋಡಿದೆ. ಸುಮ್ಮನಿದ್ದೆ.

ಕಣ್ಣು ಮಂಜು, ಪಾಪ... ನನ್ನ ಕಣ್ಣಿಗೇನಾಗಿತ್ತು? ಅಣ್ಣ ದೆಜೊ ಪಕ್ಕದಲ್ಲೇ ಕೂತು, “ಇಲ್ಲಿ ಹಾಕಮ್ಮ, ಈ ಚೌಕದಲ್ಲಿ” ಎಂದು ಬೆರಳಿಟ್ಟು ತೋರಿಸಿದ್ದ. ಆಮೇಲೆ ಫೋನ್ ಬಂತೆಂದು ಎದ್ದುಹೋದ. ಅವನ ಪಕ್ಷಕ್ಕೆ ಒಂದು ಕಡಿಮೆಯಾಗಲಿ ಎಂದುಕೊಂಡೆ. ವಾಪಸು ಬಂದವನೇ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡ.

ಮತ ಅವನದಲ್ಲ, ಅಮ್ಮನದು.

ಮೇ 23

ನನ್ನ ಲಕೋಟೆ ಇನ್ನೂ ಬ್ರೆಡ್ ಡಬ್ಬಿಯ ಮೇಲಿದೆ. ಬದುಕು ಸರ್ಬಿಯದಲ್ಲಿ, ಮಾತೂ ಪಾಸ್‌ಪೋರ್ಟೂ ಹಂಗೇರಿಯದು, ಮತ ಯುರೋಪಿನ ಸಂಸತ್ತಿಗೆ. ಹಂಗೇರಿಯನ್ನು ಆಳುವ ದೆಜೊನ ಪಕ್ಷದವರಿಗೆ ನಾವು ಎಣಿಸಿಟ್ಟ ತಲೆಗಳು. ವಿರೋಧದವರಿಗೆ ಹಾಕೋಣವೆಂದರೆ, ಗಡಿಯಾಚೆಯವರಿಗೆ ಮತವೇ ಯಾಕೆ ಎಂದು ಅವರಲ್ಲೊಬ್ಬ ಟೀವಿಯಲ್ಲಿ ಕೇಳುತ್ತಿದ್ದ.

ಸಂಜೆ ದೆಜೊ ಬಂದ. ಹೆಗಲಿಗೆ ಊರಿನ ಹಂಗೇರಿಯನ್ನರ ಸಂಘದ ಚೀಲ, ಕೈಯಲ್ಲಿ ಲಕೋಟೆ ಕೊಟ್ಟ ಮನೆಗಳಿಗೆ ಟಿಕ್ ಹಾಕುವ ಬೀದಿಯ ಪಟ್ಟಿ.

“ಎಲ್ಲೇ ನಿಂದು?”

“ಯೋಚಿಸ್ತಿದೀನಿ.”

“ಯೋಚ್ಸೋಕೆ ಇದೇನು ಹೆಣ್ಣು ಕೊಡೋ ವಿಷ್ಯಾನಾ? ಪಾಸ್‌ಪೋರ್ಟ್ ಕೊಟ್ಟೋರಿಗೆ ಹಾಕೋದಪ್ಪ. ಅಮ್ಮನ ಕಣ್ಣಿಗೆ ಹಂಗೇರೀಲಿ ಚಿಕಿತ್ಸೆ ಸಿಕ್ತಿರೋದು ಯಾರಿಂದ?”

“ಡಾಕ್ಟರಿಂದ.”

“ಇಂಗ್ಲಿಷ್ ಟೀಚರ್ ನಾಲಿಗೆ! ಬೀದಿಯೆಲ್ಲ ಟಿಕ್ ಆಗಿದೆ. ನನ್ ತಂಗಿ ಮನೆ ಒಂದೇ ಖಾಲಿ. ಸಂಘದಲ್ಲಿ ನಗ್ತಾರೆ.”

“ನಗಲಿ.”

“ಪ್ರತಿ ಗುರುವಾರ ಅಮ್ಮನ್ನ ಗಡಿಯಾಚೆ ಸೆಗೆದ್ ಆಸ್ಪತ್ರೆಗೆ ಕರ್ಕೊಂಡೋಗೋನು ಯಾರು ಅನ್ನೋದು ನೆನಪಿರಲಿ.”

ನೆನಪಿದೆ. ನನಗೆ ಕಾರಿಲ್ಲ.

ಮೇ 26

ಒಂದು ವಾರ ಒಳಗೇ ಇಟ್ಟುಕೊಂಡಿದ್ದೆ. ಇವತ್ತು ಚೆರ್ರಿ ಬೀಜ ತೆಗೆಯುತ್ತಾ ಅಮ್ಮನಿಗೆ ಹೇಳಿಬಿಟ್ಟೆ — ನೀನು ಕಾಗದ ತಪ್ಪಾಗಿ ಹಾಕಿದ್ದೆ, ನಾನು ನೋಡಿಯೂ ಹೇಳಲಿಲ್ಲ.

ಅಮ್ಮ ಕೈ ನಿಲ್ಲಿಸಲಿಲ್ಲ. “ಮೂವತ್ತೊಂದು ವರ್ಷ ಅಂಚೆ ಕಚೇರೀಲಿ ದುಡಿದೋಳು ನಾನು. ಲಕೋಟೆ ತುಂಬೋಕೆ ನಿನ್ನಿಂದ ಕಲೀಬೇಕಾ?”

ಬೇಕೆಂದೇ ಮಾಡಿದ್ದಳು!

“ಅವನ ಹತ್ರ ಜಗಳವೂ ಆಗ್ಲಿಲ್ಲ, ಅವನ ಮಾತೂ ನಡೀಲಿಲ್ಲ. ನೀನೂ ಹಂಗೇ ಮಾಡು.”

“ಹೆದರಿದೆ ಅನ್ನು.”

“ಹೂಂ. ಹೆದರಿದೆ. ನೀನು ಸುಮ್ನಿದ್ದಿದ್ದು ಧೈರ್ಯಕ್ಕಾ?”

ಅವಳು ಹಾಳು ಮಾಡಿದ್ದು ತನ್ನದನ್ನು. ನಾನು ಹಾಳಾಗಲು ಬಿಟ್ಟದ್ದು ಅವಳದನ್ನು. ಚೌಕ ತೋರಿಸಿದ ದೆಜೊನ ಬೆರಳಿಗೂ ಮುಚ್ಚಿಕೊಂಡ ನನ್ನ ಬಾಯಿಗೂ ಎಷ್ಟು ದೂರ?

ಮೇ 28

ಗುರುತು ಹಾಕಿದೆ. ವಿರೋಧದವರಿಗೆ. ಪ್ರೀತಿಯಿಂದಲ್ಲ. ನಮ್ಮನ್ನು ಬೇಡವೆನ್ನುವವರೂ ಒಮ್ಮೆ ನಮ್ಮ ಮತ ಎಣಿಸಲಿ ಎಂದು. ಸೇಡು ಎಷ್ಟು, ನಂಬಿಕೆ ಎಷ್ಟು — ಗೊತ್ತಿಲ್ಲ.

ದೆಜೊಗೆ ನಾನೇ ಫೋನ್ ಮಾಡಿದೆ. “ಪಟ್ಟಿಯಲ್ಲಿ ನನ್ನ ಮನೆ ಖಾಲಿ ಬಿಡು.”

“ಹಂಗಾದ್ರೆ ಗುರುವಾರ ನಿನ್ನ ಬ್ರಸೆಲ್ಸ್ ಸಂಸತ್ತಿನೋರು ಕಾರ್ ಕಳಿಸ್ತಾರೇನೋ ಕೇಳು.” ಇಟ್ಟುಬಿಟ್ಟ.

ಗುರುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಸೆಗೆದ್ ಬಸ್ಸು. ಗಡಿಯಲ್ಲಿ ಎಷ್ಟು ಹೊತ್ತೋ. ಅಮ್ಮ ಗೊಣಗುತ್ತಲೇ ಕೋಟು ತೆಗೆದಿಟ್ಟಿದ್ದಾಳೆ. ಆಸ್ಪತ್ರೆಯ ಎದುರಿಗೇ ಅಂಚೆ ಡಬ್ಬಿ ಇದೆಯಂತೆ. ಹೇಳಿಕೆ ಹೊರಲಕೋಟೆಯಲ್ಲಿ — ಎರಡು ಸಲ ನೋಡಿದೆ. ಮೂರನೆಯ ಸಲ ಅಮ್ಮ ಬೆರಳಾಡಿಸಿ ನೋಡಿ, ತಾನೇ ಅಂಟಿಸಿ ಕೊಟ್ಟಳು.

ಅಂಚೆಗೆ ಹಾಕುವುದು: ಗುರುವಾರ, ಮೇ 30