ಲುಸೇರೊಳ ನಮಸ್ಕಾರ

ಅಮ್ಮಾ, ನೀನಿರುವಲ್ಲಿಗೆ ಯಾವ ಅಂಚೆಯೂ ಬರುವುದಿಲ್ಲ, ಆದರೂ ಕೇಳು!

ಇವತ್ತು ಬೊಗೋಟಾದ ಆಸ್ಪತ್ರೆಯಲ್ಲಿ ನಿನ್ನ ಮೊಮ್ಮಗಳು, ಹತ್ತು ತಿಂಗಳ ಲುಸೇರೊಗೆ ಆಪರೇಷನ್ ಆಯಿತು. ಹುಟ್ಟುವಾಗಲೇ ಅಡ್ಡಾದಿಡ್ಡಿ ಬೆಳೆದಿದ್ದ ಮಿದುಳಿನ ಬಲಭಾಗವನ್ನು ಎಡಭಾಗದಿಂದ ಬೇರ್ಪಡಿಸಿದರು. ಯಾವ ಔಷಧಿಗೂ ಬಗ್ಗದಿದ್ದ ಫಿಟ್ಸು ಆಮೇಲೆ ಒಂದೂ ಬಂದಿಲ್ಲ. ಎಡಗೈ ಮಾತ್ರ ಅಲುಗುತ್ತಿಲ್ಲ.

ಮೊದಲ ಸಲ ಅವಳು ತಲೆಬಾಗಿ ಕೈ ಚಾಚಿದಾಗ ನಾವು ನಾಟಕದ ಮಂದಿಯೆಲ್ಲ, "ನೋಡ್ರೋ, ಪ್ರೇಕ್ಷಕರಿಗೆ ನಮಸ್ಕಾರ ಮಾಡ್ತಿದ್ದಾಳೆ!" ಎಂದು ಚಪ್ಪಾಳೆ ತಟ್ಟಿದೆವು. ನೀನೊಬ್ಬಳೇ, "ಅದು ನಮಸ್ಕಾರ ಅಲ್ಲ ಕಣೋ ಎವೆಲಿಯೊ, ಡಾಕ್ಟರಿಗೆ ತೋರಿಸು" ಅಂದೆ. "ಮುದುಕೀ, ನಿಂಗೆ ಕಲೆ ಗೊತ್ತಾಗಲ್ಲ ಬಿಡು!" ಎಂದು ನಾನು ಎಲ್ಲರನ್ನೂ ನಗಿಸಿದೆ.

ಸಂಜೆ ಡಾಕ್ಟರಮ್ಮ ಕೇಳಿದರು, "ಈ ಫಿಟ್ಸು ಮೊದಲು ಶುರುವಾಗಿದ್ದು ಯಾವಾಗ?"

ಮೈಕಿಲ್ಲದೆ ಸಾವಿರ ಜನಕ್ಕೆ ಕೇಳಿಸುವ ಈ ಗಂಟಲು, "ಜೂನ್" ಎಂದು ಪಿಸುಗುಟ್ಟಿತು. ಅವರು ಹಾಗೇ ಬರೆದುಕೊಂಡರು.

ನೀನು ಹೇಳಿದ್ದು ಮಾರ್ಚ್‌ನಲ್ಲಿ, ಅಮ್ಮಾ.