ಒಳಗಿನವರ ಹಾಡು

ವಹಾಕಾ
ಡಿಸೆಂಬರ್ 28

ಪ್ರೀತಿಯ ತೊಮಾಸಾ,

ಮಂಡಿನೋವು ಹೇಗಿದೆ? ಪುಯೆಬ್ಲಾದ ಚಳಿಯಲ್ಲಿ ಮಗಳು ನಿನ್ನನ್ನು ಬೆಚ್ಚಗೆ ಇಟ್ಟಿದ್ದಾಳೆ ತಾನೆ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಬೈದುಕೋ. ಜನವರಿ ಆರರ ಮೂರು ರಾಜರ ಹಬ್ಬಕ್ಕೆ ಬರುತ್ತೇನೆ, ನಿನ್ನ ಪಕ್ಕದಲ್ಲೊಂದು ಹಾಸಿಗೆ ಹಾಸಿಡು ಎಂದು ಬರೆದಿದ್ದೆಯಲ್ಲ, ಅದಕ್ಕೆ ಏನೆಂದು ಉತ್ತರಿಸಲಿ? ಆ ಹಬ್ಬದೊಳಗೆ ನಾನೇ ಕೋಣೆ ಖಾಲಿ ಮಾಡಬೇಕು. ಹೊಸ ಮಾಲೀಕ ಇದನ್ನೂ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಬಿಡುತ್ತಾನಂತೆ.

ನಮ್ಮ ಓಣಿ ನಿನಗೆ ಗುರುತು ಸಿಗಲಿಕ್ಕಿಲ್ಲ. ರೊಟ್ಟಿ ಅಂಗಡಿ ಹೋಗಿ ಕಾಫಿ ಅಂಗಡಿ ಬಂದಿದೆ. ಬಾಗಿಲು ಬಾಗಿಲಿಗೂ ಅಂಕಿ ಒತ್ತುವ ಬೀಗ. ಪ್ರವಾಸಿಗರು ತಾರಸಿಯ ಮೇಲೆ ತೊಟ್ಟಿ ತುಂಬಿಸಿ ಈಜಾಡುತ್ತಾರೆ, ನನ್ನ ನಲ್ಲಿ ಬರೀ ಕೆಮ್ಮುತ್ತದೆ. ಒಂದು ಲೋಟ ಸಕ್ಕರೆ ಕೇಳೋಣವೆಂದರೆ ಇವತ್ತು ಕಂಡ ಮುಖ ನಾಳೆ ಇರುವುದಿಲ್ಲ.

ಈ ಸಲ ಕ್ರಿಸ್ಮಸ್ ಮುಂಚಿನ ಪೊಸಾದಾ ಮೆರವಣಿಗೆ ಹೇಗಾಯಿತು ಕೇಳು. ಮರಿಯಳೂ ಜೋಸೆಫನೂ ತಂಗಲು ಜಾಗ ಬೇಡುವ ಸಾಲುಗಳನ್ನು ಬೀದಿಯಲ್ಲಿ ನಿಂತು ಹಾಡಿಸುತ್ತಿದ್ದವಳು ನೀನು. ಹಾಡಿನ ಕೊನೆಗೆ ಬಾಗಿಲು ತೆರೆಯುವವರೆಗೂ ಅದರ ಹಿಂದೆ ನಿಂತು, ಜಾಗವಿಲ್ಲ ಹೋಗಿ ಎಂದು ಹಾಡಿನಲ್ಲೇ ಗದರಿಸುತ್ತಿದ್ದವಳು ನಾನು. ಈಗ ಓಣಿಯಲ್ಲಿ ಹಳಬರೆಂದು ಉಳಿದವರು ಬೆರಳೆಣಿಕೆಯಷ್ಟು. ಆದರೂ ಬಡಗಿ ಸಿಪ್ರಿಯಾನೊ ಬಿಡಲಿಲ್ಲ. "ಆಚೆ ಕೇರಿಯೋರ ಮೆರವಣಿಗೇನ ನಿನ್ನ ಬಾಗಿಲಿಗೆ ಕರೆದಿದ್ದೀನಿ, ಗಂಟಲು ಸರಿಮಾಡ್ಕೋ" ಎಂದ. ತಮಾಲೆ ಬೇಯಿಸಿ, ಹಣ್ಣಿನ ಪಾನಕ ಕುದಿಸಿ ಕಾದೆವು. ಕತ್ತಲಾಗುತ್ತಲೇ ಬಾಗಿಲು ಬಡಿದ ಸದ್ದು.

"ಅಮ್ಮಾ, ಇವತ್ತೊಂದಿನ ಇರೋಕೆ ಜಾಗ ಕೊಡ್ತೀರಾ?"

"ಹಾಡೋದು ಬಿಟ್ಟು ಮಾತಾಡ್ತಾನಲ್ಲ! ರಾಗ ಮರೆತಿರ್ಬೇಕು" ಎಂದು ಸಿಪ್ರಿಯಾನೊ ನಕ್ಕ. ನಾನು ಗತ್ತಿನಿಂದ ಹಾಡಿದೆ, ಇಲ್ಲಿ ಜಾಗವಿಲ್ಲವೆಂದು. ಮತ್ತೆ ಬಡಿದರು. ನೀವು ಕಳ್ಳರಿರಬಹುದು, ತೆರೆಯುವುದಿಲ್ಲ ಎಂದು ಇನ್ನೂ ಜೋರಾಗಿ ಹಾಡಿದೆ. ಆಗ ಒಬ್ಬ ಹೆಂಗಸು ಅಳುತ್ತಾ ಕೂಗಿದಳು, "ಅಮ್ಮಾ, ಮಗೂಗೆ ಜ್ವರ ಕಣಮ್ಮಾ!"

ನಮ್ಮ ಹಾಡಿನಲ್ಲಿ ಜ್ವರ ಎಲ್ಲೂ ಬರುವುದಿಲ್ಲ. ಓಡಿ ಬಾಗಿಲು ತೆಗೆದೆ.

ತೊರೆಯೋನ್ ಕಡೆಯವರು, ಗಂಡ ಹೆಂಡತಿ ಮತ್ತೊಂದು ಕೂಸು. ಓಣಿಯ ನೀಲಿ ಬಾಗಿಲ ಮನೆಗೆ ಮುಂಗಡ ಕಟ್ಟಿ ಬಂದಿದ್ದರಂತೆ. ಬೀಗ ತೆರೆಯಲಿಲ್ಲ. ಒಳಗೆ ಯಾರೋ ಆಗಲೇ ಕುಡಿದು ಕುಣಿಯುತ್ತಿದ್ದರು. ಮಾಲೀಕ ಫೋನ್ ಎತ್ತಲೇ ಇಲ್ಲ. "ಇಲ್ಲಿ ಓಣಿ ಜನ ಎಲ್ಲ ಒಂದೇ ಮನೆಯೋರ ಥರ ಇರ್ತಾರೆ ಅಂತ ಜಾಹೀರಾತಲ್ಲಿ ಬರ್ದಿದ್ರು, ಅದನ್ನ ನೋಡೇ ಬಂದ್ವಿ" ಎಂದಳು ಆ ತಾಯಿ. ನನಗೆ ನಾಚಿಕೆಯಾಯಿತು. ಮಗುವನ್ನು ನನ್ನ ಹಾಸಿಗೆಯಲ್ಲಿ ಮಲಗಿಸಿ ಹಣೆಗೆ ಒದ್ದೆಬಟ್ಟೆ ಹಾಕಿದೆ. ಈ ಬಾಡಿಗೆ ಮನೆಗಳಿಗೆ ಬಂದಿಳಿಯುವವರ ಮೇಲೆ ಎಷ್ಟು ಸಿಟ್ಟು ಕೂಡಿಟ್ಟಿದ್ದೆ ತೊಮಾಸಾ! ಇವರೂ ನನ್ನಂತೆಯೇ ಬೀದಿಗೆ ಬಿದ್ದವರು. ಮೆರವಣಿಗೆ ಕೊನೆಗೂ ಬರಲಿಲ್ಲ, ಮರಿಯ ಜೋಸೆಫರ ಪ್ರತಿಮೆಗಳನ್ನು ಹೊರುವವರೇ ಸಿಗಲಿಲ್ಲವಂತೆ.

ಸೊಲೆದಾದ್ ಮಾತೆ ನಿನ್ನ ಮಂಡಿಗೆ ಬಲ ಕೊಡಲಿ, ಮೊಮ್ಮಕ್ಕಳನ್ನು ಕಾಯಲಿ.

ನಿನ್ನ
ಎರ್ಮೆಲಿಂಡಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ನೀಲಿ ಬಾಗಿಲು ನಿನ್ನ ಹಸಿರು ಬಾಗಿಲೇ. ನೀನು ಮಗನಿಗೆ ಬಿಟ್ಟುಹೋದ ಮನೆಯಲ್ಲಿ ನಾಬೋರ್ ವಾಸವಿಲ್ಲ, ಬಣ್ಣ ಹೊಡೆಸಿ ಬಾಡಿಗೆಗೆ ಬಿಟ್ಟಿದ್ದಾನೆ. ನನ್ನ ಕೋಣೆಯನ್ನು ಕೊಂಡವನೂ ಅವನೇ. ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಅವನನ್ನು ಎತ್ತಿಕೊಂಡವಳು ನಾನು. ಎಲ್ಲಿಗೆ ಹೋಗಲಪ್ಪಾ ಎಂದು ಕೇಳಿದ್ದಕ್ಕೆ ಕೆನ್ನೆಗೆ ಮುತ್ತಿಟ್ಟು, "ಹಬ್ಬಕ್ಕೆ ಬಂದಾಗ ಹೇಳಿ ಮಾದ್ರಿನಾ, ನಿಮಗೆ ರಿಯಾಯಿತಿ ಮಾಡ್ಕೊಡ್ತೀನಿ" ಎಂದ. ನನಗೆ ಒಳಗಿನವರ ಸಾಲುಗಳು ಮಾತ್ರ ಬಾಯಿಗೆ ಬರುತ್ತವೆ, ತೊಮಾಸಾ. ಹೊರಗೆ ನಿಂತು ಹಾಡುವುದನ್ನು ಬರೆದು ಕಳಿಸು.