ಮುಗಿಯದ ಮನೆ ಬೀಳುವುದಿಲ್ಲವಂತೆ

ವಿಪತ್ತು ಪರಿಹಾರ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಮ್ಮ ಮನೆ ಬಿದ್ದಿದೆ. ನಿಮ್ಮ ಕಚೇರಿಯ ಪ್ರಕಾರ ಬಿದ್ದಿಲ್ಲ, ಯಾಕೆಂದರೆ ಅದು ಮನೆಯೇ ಅಲ್ಲವಂತೆ, ‘ಅಪೂರ್ಣ ಕಟ್ಟಡ’ವಂತೆ. ಬಿದ್ದ ಮನೆಗೆ ಪರಿಹಾರ ಉಂಟು, ಬಿದ್ದ ಅಪೂರ್ಣ ಕಟ್ಟಡಕ್ಕೆ ಇಲ್ಲ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಮುದುಕಿ. ಈ ಬುದ್ಧಿವಂತಿಕೆಯನ್ನು ನಾಲ್ಕನೇ ಕ್ಲಾಸಿನಲ್ಲಿ ಕಲಿಸುತ್ತಿದ್ದರೋ ಏನೋ, ನನಗೆ ತಪ್ಪಿಹೋಯಿತು.

ಲೀಮಾ ನಗರದ ಅಂಚಿನ ಸಾಂತಾ ರುಫೀನಾ ಗುಡ್ಡದಲ್ಲಿ ಯಾರ ಮನೆ ಮುಗಿದಿದೆ, ಒಮ್ಮೆ ಬಂದು ನೋಡಿ. ನಾನು ಇಲ್ಲಿಗೆ ಬಂದಾಗ ನಾಲ್ಕು ಕೋಲು ನೆಟ್ಟು ಬೆತ್ತದ ಚಾಪೆ ಕಟ್ಟಿದ್ದೇ ಮನೆ. ಆಮೇಲೆ ಹಲಗೆ ಬಂತು. ಹಲಗೆಯ ಒಳಗೇ ಇಟ್ಟಿಗೆ ಎದ್ದಿತು. ಆಟೋ ಓಡಿಸುವ ನನ್ನ ಅಳಿಯ ಎದಿಲ್ಬೆರ್ತೊ ಕೈಯಲ್ಲಿ ಕಾಸು ಆಡಿದ ವಾರ ಇಟ್ಟಿಗೆ ತರುತ್ತಿದ್ದ, ಆಡದ ವಾರ ಇದ್ದ ಇಟ್ಟಿಗೆಯನ್ನೇ ನೋಡಿಕೊಂಡು ಕೂರುತ್ತಿದ್ದ. ತಾರಸಿ ಹಾಕಿದ ದಿನ ಗುಡ್ಡಕ್ಕೆ ಗುಡ್ಡವೇ ಬಂತು. ಗಂಡಸರು ಕಾಂಕ್ರೀಟಿನ ಡಬ್ಬ ಹೆಗಲ ಮೇಲಿಟ್ಟು ಏಣಿ ಹತ್ತಿದರು. ನಾನು, ನನ್ನ ಮಗಳು ನೀಲ್ಡಾ ಒಣ ಆಲೂಗಡ್ಡೆ ಹಾಕಿ ಹಂದಿಮಾಂಸ ಬೇಯಿಸಿದೆವು. ಮಗುವಿನ ನಾಮಕರಣಕ್ಕೆ ನಿಲ್ಲುವ ಹಾಗೆ ಮನೆಗೂ ಧರ್ಮಪಿತನಾಗಿ ನಿಂತ ಪಕ್ಕದ ಮನೆಯ ಕಾಸಿಮೀರೊ ಪಿಲ್ಲರಿಗೆ ಬಾಟಲಿ ಒಡೆದು ಆಶೀರ್ವಾದ ಮಾಡಿದ. ಮಾಡಿ ತಾನೇ ಜಾರಿಬಿದ್ದ, ಅದು ಬೇರೆ ಮಾತು.

ಪಿಲ್ಲರಿನ ಕಂಬಿಗಳನ್ನು ಮಾತ್ರ ನಾವು ಕತ್ತರಿಸುವುದಿಲ್ಲ. ಅವು ತಾರಸಿಯಿಂದ ಮೇಲಕ್ಕೆ ನಿಂತಿರುತ್ತವೆ. ತುಕ್ಕು ಹಿಡಿಯದ ಹಾಗೆ ತುದಿಗೆ ಖಾಲಿ ಬಾಟಲಿ ಬೋರಲು ಹಾಕುತ್ತೇವೆ. ಮೇಲಿನ ಮಹಡಿ ಮೊಮ್ಮಗಳು ಮಾಯ್ರಾಳದ್ದು. ಕೆಳಗೆ ಅಪ್ಪ ಅಮ್ಮ, ಮೇಲೆ ಮಕ್ಕಳು, ಇನ್ನೂ ಮೇಲೆ ದೇವರು ಕೊಟ್ಟರೆ ಅವರ ಮಕ್ಕಳು. ಇಲ್ಲಿ ಕಂಬಿ ಕತ್ತರಿಸಿದ ಮನೆ ಅಂದರೆ ವಂಶ ನಿಂತ ಮನೆ.

ಬೇಸಿಗೆಯಲ್ಲಿ ಎತ್ತರದ ಬೆಟ್ಟಗಳಲ್ಲಿ ಮಳೆ ಸುರಿಯಿತು. ನಮ್ಮ ತಲೆ ಮೇಲೆ ಒಂದು ಹನಿ ಬೀಳಲಿಲ್ಲ. ಕೆಸರು ಬಂಡೆಗಳನ್ನು ಉರುಳಿಸಿಕೊಂಡು ಕಮರಿಯಲ್ಲಿ ಇಳಿಯಿತು, ಮುಂದಿನ ಗೋಡೆಯಿಂದ ಹೊಕ್ಕು ಹಿಂದಿನ ಗೋಡೆಯಿಂದ ಹೊರಟಿತು. ಅಡುಗೆಮನೆ ಹೋಯಿತು. ತಾರಸಿ ಒಂದು ಕಡೆಗೆ ಕುಸಿದು ಕೂತಿತು. ನಾವು ಉಳಿದೆವು. ಕೆಸರೇನು, ‘ಮನೆ ಮುಗಿದಿದೆಯಾ ತಾಯಿ?’ ಎಂದು ಕೇಳಿಕೊಂಡು ಒಳಗೆ ಬಂತೆ?

ಕೇಳಿದ್ದು ನೀವು ಕಳಿಸಿದ ಹುಡುಗ.

“ಮೇಲೆ ಕಂಬಿ ಯಾಕೆ ನಿಂತಿವೆ?”

“ಮೇಲಿನ ಮಹಡಿಗೆ, ಇಂಜಿನಿಯರ್ ಸಾಹೇಬ್ರೇ,” ಅಂದ ಎದಿಲ್ಬೆರ್ತೊ.

“ಹಾಗಾದ್ರೆ ಕೆಲಸ ಇನ್ನೂ ನಡೀತಿದೆ.”

“ಕೆಲಸ ಅಲ್ಲ ಸಾರ್, ಜೀವನ ನಡೀತಿತ್ತು.”

ಹುಡುಗ ಮೊಬೈಲಿನಲ್ಲಿ ಏನೋ ಒತ್ತಿ, ಫೋಟೊ ಹೊಡೆದುಕೊಂಡು ಹೋದ. ಅಪೂರ್ಣ.

ಅವತ್ತು ಗುಡ್ಡದವರೆಲ್ಲ ಸೇರಿ ತಲೆ ಓಡಿಸಿದರು. ಕಾಸಿಮೀರೊ ಹೇಳಿದ, “ಅಕ್ಕಾ, ಕಂಬಿ ಕಂಡ್ರೆ ತಾನೇ ಅಪೂರ್ಣ? ಕೊಯ್ದು ಹಾಕಿ. ಪೂರ್ಣ ಆಗುತ್ತೆ.”

“ಕೊಯ್ದ ಮೇಲೆ ಮಾಯ್ರಾಗೆ ಏನು?” ಅಂದಳು ನೀಲ್ಡಾ.

“ಮೊದ್ಲು ಕೆಳಗಿಂದು ಮನೆ ಅನ್ನಿಸಿಕೊಳ್ಳಲಿ ಮಾರಾಯ್ತಿ,” ಎಂದು ಎದಿಲ್ಬೆರ್ತೊ ಗರಗಸ ಹಿಡಿದು ಹತ್ತಿದ. ವಾಲಿದ ತಾರಸಿಯ ಮೇಲೆ ಕೂತು ಒಂದೊಂದೇ ಕಂಬಿ ಕೊಯ್ದ. ಗೋಡೆ ಬಿದ್ದಾಗ ಅಳದ ಗಂಡಸು ಅವತ್ತು ಮುಖ ಆಚೆ ತಿರುಗಿಸಿಕೊಂಡೇ ಕೆಳಗಿಳಿದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಯಾರನ್ನು ಬೈದೆ ಅಂತ ನನಗೂ ಗೊತ್ತಿಲ್ಲ.

ಎರಡನೇ ಸಲ ಒಬ್ಬ ಹುಡುಗಿ ಬಂದಳು. ಹಳೆಯ ಫೋಟೊ ತೆಗೆದು, “ಕಂಬಿ ಎಲ್ಲಿ ಹೋಯ್ತು ಅಜ್ಜಿ? ಹಾನಿ ಆದ ಮೇಲೆ ಕಟ್ಟಡದ ಸ್ವರೂಪ ಬದಲಾಯಿಸಿದ್ದೀರಿ,” ಅಂದಳು.

“ಸ್ವರೂಪ ಬದಲಾಯಿಸಿದ್ದು ಕೆಸರು ಕಣೇ! ನಿನಗೆ ಅಡುಗೆಮನೆ ಕಾಣಿಸ್ತಿದೆಯಾ?”

“ಕೋಪ ಮಾಡ್ಕೋಬೇಡಿ ಅಜ್ಜಿ. ನಾನು ‘ಮನೆ’ ಅಂತ ಬರೆದ್ರೂ ಈ ಮೊಬೈಲ್ ತಗೊಳ್ಳಲ್ಲ.”

ಪಾಪ, ಅವಳ ಕಣ್ಣೂ ಒದ್ದೆಯಾಗಿತ್ತು. ನೀರು ಕೊಟ್ಟು ಕಳಿಸಿದೆ. ನನ್ನಿಂದ ಬೈಸಿಕೊಳ್ಳಲು ಯಾರನ್ನಾದರೂ ಕಳಿಸುವುದಿದ್ದರೆ ಕಣ್ಣಲ್ಲಿ ನೀರಿಲ್ಲದವರನ್ನು ಕಳಿಸಿ ಸ್ವಾಮಿ, ನನಗೆ ಅನುಕೂಲ.

ಈಗ ನಮ್ಮ ಸ್ಥಿತಿ ನೋಡಿ. ಕಂಬಿ ಇದ್ದಾಗ ಅದು ಮನೆಯಲ್ಲ, ಕಂಬಿ ಹೋದ ಮೇಲೆ ಅದು ಮೋಸ. ನಗರಸಭೆಯವರು ಬಂದು ಅದೇ ಗೋಡೆಗೆ ಕೆಂಪು ಬಣ್ಣದಲ್ಲಿ ‘ಈ ಮನೆ ವಾಸಕ್ಕೆ ಯೋಗ್ಯವಲ್ಲ’ ಎಂದು ಬರೆದು ಹೋಗಿದ್ದಾರೆ. ಒಳಗೆ ಹೋಗಬಾರದು ಅನ್ನುವುದಕ್ಕೆ ಅದು ಮನೆ. ಕೈ ಹಿಡಿಯಬೇಕು ಅಂದಾಗ ಮನೆಯಲ್ಲ. ನೀವಿಬ್ಬರೂ ಒಂದು ದಿನ ಕಾಫಿ ಕುಡಿಯುತ್ತಾ ಮಾತಾಡಿಕೊಳ್ಳಬಾರದೇ? ಸಿರಿವಂತರು ಸಾಲ ತಂದು ಮನೆಯನ್ನು ಒಂದೇ ಸಲಕ್ಕೆ ಮುಗಿಸುತ್ತಾರೆ, ಅದು ಬಿದ್ದರೆ ವಿಮೆಯವರು ಓಡಿಬರುತ್ತಾರೆ. ನಾವು ಆಯುಷ್ಯ ಪೂರ್ತಿ ಕಟ್ಟುವವರು. ಹಾಗಾದರೆ ನಮ್ಮದು ಯಾವಾಗ ಬಿದ್ದರೂ ಅಪೂರ್ಣವೇ ಅಲ್ಲವೇ?

ಮನೆ ಪಕ್ಕದಲ್ಲೇ ನಾವು ಹಾಕಿಕೊಂಡಿರುವ ಗುಡಾರದ ಬಟ್ಟೆ ಬಿಸಿಲಿಗೆ ಹರಿಯುತ್ತಿದೆ. ಬೆಟ್ಟದ ಕಡೆ ಮತ್ತೆ ಮೋಡ ಕಟ್ಟುತ್ತಿದೆ. ಎದಿಲ್ಬೆರ್ತೊ ಇಟ್ಟಿಗೆ ತರುವುದನ್ನು ಬಿಟ್ಟಿದ್ದಾನೆ. ತಂದರೆ ಅದೂ ಸ್ವರೂಪ ಬದಲಾವಣೆಯಾದೀತೆಂಬ ಹೆದರಿಕೆ. ನನಗೆ ಬೈಗುಳ ಬಿಟ್ಟರೆ ಬೇರೆ ಆಯುಧವಿಲ್ಲ, ಅದೂ ಮೊಂಡಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಜನ ಬದುಕಿದ ಮನೆಯನ್ನು ಮನೆ ಎಂದು ಬರೆಯಿರಿ. ಅದು ನಿಮ್ಮ ಕೈಲಾಗದಿದ್ದರೆ ಬರುವ ಭಾನುವಾರ ನೀವೇ ಬನ್ನಿ, ಧರ್ಮಪಿತನಾಗಿ ನಿಲ್ಲಿ. ಉಳಿದಿರುವ ಪಿಲ್ಲರಿಗೆ ಬಾಟಲಿ ಒಡೆದು, ‘ಈ ಮನೆ ಮುಗಿಯಿತು’ ಎಂದು ನಾಲ್ಕು ಜನರ ಮುಂದೆ ಹೇಳಿ. ಗುಡಾರದಲ್ಲೇ ಒಲೆ ಹೂಡಿ ನಿಮಗೆ ಊಟ ಹಾಕುತ್ತೇನೆ. ಕೈ ತೊಳೆದುಕೊಂಡು ತಿರುಗಿ ನೋಡಿ, ‘ಅಯ್ಯೋ, ಬಿದ್ದಿದೆಯಲ್ಲ!’ ಎಂದು ಬರೆದುಕೊಳ್ಳಿ.

ಬಾಟಲಿ ತರಬೇಡಿ. ಕಂಬಿ ಮೇಲಿದ್ದವು ನಮ್ಮಲ್ಲಿ ಬೇಕಾದಷ್ಟಿವೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಬೀಳದ ಮನೆಯ ಪಕ್ಕದ ಗುಡಾರದಿಂದ,
ತಾನೂ ಇನ್ನೂ ಪೂರ್ತಿ ಮುಗಿಯದ ಮುದುಕಿ
ಫಿದೆನ್ಸಿಯಾ ವಾರ್ಕಾಯಾ